ಹಾಡುವಾಗ ಉಗ್ಗು ಎಲ್ಲಿ ಹೋಗುತ್ತದೆ?

ಬೆಳಗಿನ ಪ್ರಾರ್ಥನೆಗೆ ನಿಂತ ಸಾಲಿನಲ್ಲಿ ಅಂಥ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಎಲ್ಲರ ಜೊತೆ ನಾಡಗೀತೆ ಹಾಡುತ್ತಾನೆ. ಒಂದು ಅಕ್ಷರವೂ ತಡೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ತರಗತಿಯಲ್ಲಿ ಹಾಜರಿ ಕೂಗುತ್ತಾರೆ. ಅವನ ಹೆಸರು ಬಂದಾಗ ‘ಪ್ರೆಸೆಂಟ್ ಸರ್’ ಅನ್ನಬೇಕು. ಎರಡು ತುಟಿ ‘ಪ್’ ಎಂದು ಕೂಡಿಕೊಳ್ಳುತ್ತವೆ, ಬಿಡಿಸಿಕೊಳ್ಳುವುದಿಲ್ಲ. ಕೊರಳ ನರ ಉಬ್ಬುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಬೆಂಚಿನ ಕೆಳಗೆ ಕಾಲು ನೆಲ ಕುಟ್ಟುತ್ತದೆ. ಹಿಂದಿನ ಸಾಲು ಕಿಸಕ್ಕನೆ ನಗುತ್ತದೆ. ಮೇಷ್ಟ್ರು ಕೆಟ್ಟವರೇನಲ್ಲ. ‘ಹೆದರ್ಕೋಬೇಡವೋ, ನಿಧಾನಕ್ಕೆ ಹೇಳು’ ಎನ್ನುತ್ತಾರೆ. ಅಷ್ಟು ಹೇಳಿದ ಮೇಲಂತೂ ಮಾತು ಹೊರಡುವುದೇ ಇಲ್ಲ.

ಬಾಯಿ ಅದೇ, ನಾಲಿಗೆ ಅದೇ, ಉಸಿರೂ ಅದೇ. ಕೆಲಸದ ಮಟ್ಟಿಗೆ ನೋಡಿದರೆ ನಾಡಗೀತೆಯೇ ಕಷ್ಟದ್ದು; ಶ್ರುತಿ ಬೇಕು, ತಾಳ ಬೇಕು, ಸಾಲು ಸಾಲು ಒತ್ತಕ್ಷರ ದಾಟಬೇಕು. ಅದನ್ನು ಸಲೀಸಾಗಿ ದಾಟಿ ಬಂದವನು ಎರಡು ಪದದ ಮುಂದೆ ಸೋಲುತ್ತಾನೆ.

ಈ ಒಗಟು ನಮ್ಮಲ್ಲಿ ಬಹಳ ಜನಕ್ಕೆ ಅರ್ಧ ಗೊತ್ತಿದೆ. ಮಾತಿಗೆ ನಿಂತರೆ ತಡವರಿಸುವ ಸೋದರಮಾವ ಶನಿವಾರದ ಭಜನೆಯಲ್ಲಿ ತಾನೇ ಎತ್ತಿಕೊಂಡು ಹಾಡುತ್ತಾನೆ. ಕೊಟ್ಟಿಗೆಯಲ್ಲಿ ಕರುವಿನ ಹತ್ತಿರ, ತೊಟ್ಟಿಲಿನ ಕೂಸಿನ ಹತ್ತಿರ ಅವನ ಮಾತಿಗೆ ಅಡ್ಡಿಯಿಲ್ಲ. ನೆಂಟರು ಬಂದು ‘ಏನಪ್ಪಾ, ಯಾವಾಗ ಬಂದೆ?’ ಎಂದ ತಕ್ಷಣ ಶುರುವಾಗುತ್ತದೆ. ಇದನ್ನು ಕಂಡ ಊರು ಎರಡು ತೀರ್ಪು ಕೊಡುತ್ತದೆ. ಒಂದು, ಅವನು ಪುಕ್ಕಲ. ಎರಡನೆಯದು ಇನ್ನೂ ಕಠಿಣ: ಬೇಕಾದಾಗ ಸರಿಯಾಗಿ ಮಾತಾಡ್ತಾನೆ, ಬೇಡದಾಗ ನಾಟಕ ಮಾಡ್ತಾನೆ.

ಇಂಥವರು ಅಪರೂಪವೇನಲ್ಲ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರು ಉಗ್ಗುತ್ತಾರೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಹಾಗಾದರೆ 2011ರ ಜನಗಣತಿಯಲ್ಲೇ ಆರು ಕೋಟಿ ದಾಟಿದ್ದ ಕರ್ನಾಟಕದಲ್ಲಿ ಲಕ್ಷಗಟ್ಟಲೆ ಮಂದಿ ಇದ್ದಾರೆ. ಮಕ್ಕಳಲ್ಲಿ ಇನ್ನೂ ಹೆಚ್ಚು: ಎರಡರಿಂದ ಐದು ವರ್ಷದೊಳಗೆ ಇಪ್ಪತ್ತರಲ್ಲಿ ಒಂದು ಮಗುವಾದರೂ ಕೆಲಕಾಲ ಉಗ್ಗುತ್ತದೆ, ಅವರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ತಾವಾಗಿಯೇ ಸರಿಹೋಗುತ್ತಾರೆ. ಹೆಣ್ಣುಮಕ್ಕಳು ಹೆಚ್ಚಾಗಿ ಹೊರಬರುತ್ತಾರೆ. ಹಾಗಾಗಿ ದೊಡ್ಡವರಾದ ಮೇಲೂ ಉಗ್ಗು ಉಳಿಸಿಕೊಂಡವರಲ್ಲಿ ಒಬ್ಬ ಹೆಂಗಸಿಗೆ ಸುಮಾರು ನಾಲ್ವರು ಗಂಡಸರು ಸಿಗುತ್ತಾರೆ.

ನಾಲಿಗೆಯ ಮೇಲಿನ ಅಪವಾದ

ಮೊದಲ ಅನುಮಾನ ಹೋಗುವುದು ನಾಲಿಗೆಯ ಮೇಲೆ. ನಮ್ಮ ಮನೆಗಳಲ್ಲಿ ಬಜೆ ತೇದು ನಾಲಿಗೆಗೆ ಸವರುವುದು ಇವತ್ತಿಗೂ ಇದೆ. ನಾಲಿಗೆ ದಪ್ಪ, ತಿರುಗುವುದಿಲ್ಲ, ಬಜೆಯಿಂದ ಹಗುರಾಗುತ್ತದೆ ಎಂಬ ನಂಬಿಕೆ. ಗ್ರೀಸಿನ ಡೆಮಾಸ್ಥೆನೀಸ್ ಬಾಯಿಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತು ಕಲಿತನೆಂಬ ಕತೆಯೂ ಇದೇ ಜಾತಿಯದು.

ಬಜೆಯಿಂದ ನಾಲಿಗೆ ಕಹಿಯಾಗಬಹುದೇ ಹೊರತು ಉಗ್ಗು ಹೋಗಲಿಕ್ಕಿಲ್ಲ. ಬರ್ಲಿನ್ನಿನ ಶಸ್ತ್ರವೈದ್ಯ ಯೋಹಾನ್ ಡೀಫೆನ್‌ಬಾಖ್ ಅಷ್ಟಕ್ಕೆ ನಿಲ್ಲಲಿಲ್ಲ. 1841ರಲ್ಲಿ ಆತ ಉಗ್ಗುವವರ ನಾಲಿಗೆಯ ಬುಡದಿಂದ ಒಂದು ತುಂಡನ್ನೇ ಕತ್ತರಿಸಿ ತೆಗೆದು ಹೊಲಿಯತೊಡಗಿದ. ಅರಿವಳಿಕೆಯಾಗಿ ಈಥರ್ ಬಳಕೆಗೆ ಬಂದದ್ದು 1846ರಲ್ಲಿ. ಅಂದರೆ ಇದೆಲ್ಲ ಎಚ್ಚರದಲ್ಲಿದ್ದವರ ಮೇಲೆ ನಡೆದದ್ದು. ಯೂರೋಪಿನ ಬೇರೆ ವೈದ್ಯರೂ ಕತ್ತಿ ಹಿಡಿದು ಹಿಂಬಾಲಿಸಿದರು. ಒಂದು ಸಾಲು ಭಜನೆ ಹಾಡಿಸಿ ನೋಡಿದ್ದರೆ ನಾಲಿಗೆ ನಿರಪರಾಧಿ ಎಂದು ಗೊತ್ತಾಗುತ್ತಿತ್ತು. ಹಾಡುವ ನಾಲಿಗೆಯೇ ತಾನೇ ಮಾತಾಡುವುದು?

ಕೂಗು ತಡವಾದಾಗ

ಹಾಗಾದರೆ ಕೆಡುವುದು ಏನು? ತೇರು ಎಳೆಯುವುದನ್ನು ನೆನಪಿಸಿಕೊಳ್ಳಿ. ಹಗ್ಗ ಗಟ್ಟಿಯಿದೆ, ನೂರಾರು ತೋಳುಗಳಲ್ಲಿ ಬಲವಿದೆ, ಗಾಲಿಗೆ ಅಡ್ಡ ಕೊಟ್ಟಿದ್ದ ಮರದ ತುಂಡನ್ನು ಸರಿಸಿ ಆಗಿದೆ. ಆದರೂ ತೇರು ಅಲುಗುವುದು ಮುಂದೆ ನಿಂತವನು ಕೂಗು ಹಾಕಿದಾಗ. ಆ ಕೂಗಿಗೆ ಎಲ್ಲರೂ ಒಂದೇ ಏಟಿಗೆ ಜಗ್ಗುತ್ತಾರೆ, ಗಾಲಿ ಉರುಳುತ್ತದೆ. ಕೂಗು ಸರಿಯಾದ ಹೊತ್ತಿಗೆ ಬರದಿದ್ದರೆ ಕೆಲವರು ಮುಂಚೆ ಎಳೆಯುತ್ತಾರೆ, ಕೆಲವರು ಆಮೇಲೆ. ಹಗ್ಗ ಬಿಗಿಯುತ್ತದೆ, ತೇರು ಕಿರುಗುಟ್ಟಿ ನಿಂತಲ್ಲೇ ನಿಲ್ಲುತ್ತದೆ. ಎಳೆಯುವವರು ಇನ್ನಷ್ಟು ಬಲ ಹಾಕಿದರೂ ಹಗ್ಗ ಬಿಗಿಯಾಗುವುದೇ ಹೊರತು ಗಾಲಿ ತಿರುಗುವುದಿಲ್ಲ.

ಮಾತಿಗೆ ಎದೆಯಿಂದ ತುಟಿಯವರೆಗೆ ನೂರರಷ್ಟು ಸ್ನಾಯುಗಳು ಕೈಜೋಡಿಸಬೇಕು. ಸಾಮಾನ್ಯ ಮಾತಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರ ಹೊರಬೀಳುತ್ತವೆ. ಪ್ರತಿ ಅಕ್ಷರಕ್ಕೂ ‘ಈಗ’ ಎಂದು ಯಾರೋ ಹೇಳಬೇಕು. ಮಿದುಳಿನ ಆಳದಲ್ಲಿ, ಎರಡೂ ಅರ್ಧಗಳ ಒಳಗೆ ಒತ್ತಾಗಿರುವ ನರಕೋಶಗಳ ಗುಂಪುಗಳಿವೆ. ವೈದ್ಯರು ಬೇಸಲ್ ಗ್ಯಾಂಗ್ಲಿಯಾ ಎನ್ನುತ್ತಾರೆ, ನಾವು ತಳಗಂಟು ಎಂದು ಕರೆಯೋಣ. ಅಭ್ಯಾಸವಾಗಿರುವ ಚಲನೆಯನ್ನು ಯಾವ ಗಳಿಗೆಯಲ್ಲಿ ಹೊರಡಿಸಬೇಕು, ಹಿಂದಿನದನ್ನು ಯಾವಾಗ ಬಿಡಬೇಕು ಎಂಬ ಸೂಚನೆ ಈ ತಳಗಂಟಿನಿಂದ ಮೇಲ್ಪದರಕ್ಕೆ ಹೋಗುತ್ತದೆ. ಉಗ್ಗುವವರಲ್ಲಿ ಈ ಒಳಗಿನ ಕೂಗು ಕೆಲವೊಮ್ಮೆ ತಡವಾಗುತ್ತದೆ, ಕೆಲವೊಮ್ಮೆ ಕ್ಷೀಣವಾಗಿರುತ್ತದೆ. ಏನು ಹೇಳಬೇಕೆಂಬುದು ಅವರಿಗೆ ಅರೆಕ್ಷಣ ಮುಂಚೆಯೇ ಗೊತ್ತು. ಪದ ಸಿದ್ಧವಾಗಿದೆ, ಹೊರಡುವ ಅಪ್ಪಣೆ ಮಾತ್ರ ಬಂದಿಲ್ಲ.

ಉಗ್ಗು ಎಲ್ಲಿ ಬರುತ್ತದೆ ಎಂಬುದೂ ಈ ಮಾತಿಗೆ ಒಪ್ಪುತ್ತದೆ. ಅದು ಹೆಚ್ಚಾಗಿ ಕಾಣಿಸುವುದು ಪದದ ಮೊದಲ ಅಕ್ಷರದಲ್ಲಿ, ವಾಕ್ಯದ ಮೊದಲ ಪದದಲ್ಲಿ. ಒಮ್ಮೆ ಹೊರಟ ಮೇಲೆ ಪದದ ಕೊನೆಗೆ ಬಂದು ತಡೆಯುವುದು ತೀರಾ ಕಡಿಮೆ.

ಸ್ವೀಡನ್ನಿನ ಸಂಶೋಧಕ ಪೆರ್ ಆಲ್ಮ್ 2004ರಲ್ಲಿ ಚದುರಿದ್ದ ಸಾಕ್ಷ್ಯಗಳನ್ನೆಲ್ಲ ಒಟ್ಟುಮಾಡಿ ಈ ವಾದವನ್ನು ಬಿಡಿಸಿಟ್ಟರು. ಅದಕ್ಕೆ ಎರಡು ವರ್ಷ ಮುಂಚೆ ಜರ್ಮನಿಯ ಮಾರ್ಟಿನ್ ಸೊಮ್ಮರ್ ಮತ್ತು ಸಂಗಡಿಗರು ಉಗ್ಗುವವರ ಎಡ ಮಿದುಳಿನಲ್ಲಿ, ಮಾತಿನ ಸ್ನಾಯುಗಳನ್ನು ಆಳುವ ಜಾಗದ ಹತ್ತಿರ, ನರತಂತುಗಳ ಹೆಣಿಗೆ ತುಸು ಸಡಿಲವಾಗಿರುವುದನ್ನು ಸ್ಕ್ಯಾನ್‌ನಲ್ಲಿ ಕಂಡಿದ್ದರು. ಡೋಪಮಿನ್ ಎಂಬ ರಾಸಾಯನಿಕ ತಳಗಂಟಿನಲ್ಲಿ ಮುಖ್ಯ ಕೆಲಸಗಾರ. ಅದನ್ನು ತಡೆಹಿಡಿಯುವ ಹ್ಯಾಲೋಪೆರಿಡಾಲ್ ಮಾತ್ರೆ ಕೆಲವರಲ್ಲಿ ಉಗ್ಗನ್ನು ತಗ್ಗಿಸುತ್ತದೆ. (ಅಡ್ಡಪರಿಣಾಮ ಜಾಸ್ತಿ. ಉಗ್ಗಿಗೆಂದು ಅದನ್ನು ನುಂಗುವುದು ಯಾರಿಗೂ ಲಾಭದ ವ್ಯಾಪಾರವಲ್ಲ.) ವಿವರಗಳ ಬಗ್ಗೆ ವಿಜ್ಞಾನಿಗಳ ನಡುವೆ ಜಗಳ ಇನ್ನೂ ಇದೆ. ಆದರೆ ತಪ್ಪು ಬಾಯಿಯದಲ್ಲ, ಬುದ್ಧಿಯದಲ್ಲ, ಗಳಿಗೆ ಹಿಡಿಯುವ ವ್ಯವಸ್ಥೆಯದು ಎಂಬುದರಲ್ಲಿ ಬಹುಮಟ್ಟಿಗೆ ಒಮ್ಮತವಿದೆ.

ಹೊರಗಿನಿಂದ ಬರುವ ಕೂಗು

ಈಗ ಪ್ರಾರ್ಥನೆಯ ಸಾಲಿನ ಹುಡುಗನನ್ನು ಅರ್ಥ ಮಾಡಿಕೊಳ್ಳಬಹುದು. ಸಮೂಹಗಾನದಲ್ಲಿ ಅವನು ಒಳಗಿನ ಕೂಗಿಗೆ ಕಾಯಬೇಕಿಲ್ಲ. ಅಕ್ಕಪಕ್ಕದವರ ದನಿ, ತಾಳ, ಮುಂದಿನ ಅಕ್ಷರ ಬೀಳಬೇಕಾದ ಜಾಗ ಎಲ್ಲವೂ ಹೊರಗಿನಿಂದ ಸಿಗುತ್ತವೆ. ಹೊರಗಿನ ಸೂಚನೆಗೆ ಹೆಜ್ಜೆ ಹಾಕುವಾಗ ಮಿದುಳು ಬೇರೊಂದು ದಾರಿ ಹಿಡಿಯುತ್ತದೆ. ಆ ದಾರಿಯಲ್ಲಿ ತಳಗಂಟಿಗಿಂತ ಕಿರುಮಿದುಳಿನ, ಅಂದರೆ ಸೆರಿಬೆಲಮ್‌ನ, ಪಾಲು ದೊಡ್ಡದು. ಒಬ್ಬನೇ ಹಾಡುವಾಗಲೂ ಧಾಟಿ ಮೊದಲೇ ಗೊತ್ತಿರುತ್ತದೆ, ಅದೇ ಎಳೆದುಕೊಂಡು ಹೋಗುತ್ತದೆ.

ಇದಕ್ಕೆ ಹಾಡೇ ಬೇಕೆಂದಿಲ್ಲ. ಟಿಕ್ ಟಿಕ್ ಎನ್ನುವ ಮೆಟ್ರೊನೋಮ್‌ಗೆ ಅಕ್ಷರ ಹೊಂದಿಸಿ ಮಾತಾಡಿದರೆ ಹೆಚ್ಚುಕಡಿಮೆ ಎಲ್ಲರ ಉಗ್ಗೂ ಮಾಯವಾಗುತ್ತದೆ. ಇನ್ನೊಬ್ಬರ ಜೊತೆ ಒಟ್ಟಿಗೆ ಓದಿದರೂ ಹಾಗೆಯೇ. 1996ರಲ್ಲಿ ಪೀಟರ್ ಫಾಕ್ಸ್ ತಂಡ ಉಗ್ಗುವವರನ್ನು ಸ್ಕ್ಯಾನರ್ ಒಳಗೆ ಮಲಗಿಸಿ ಓದಿಸಿತು. ಒಬ್ಬರೇ ಓದುವಾಗ ಬಲ ಮಿದುಳು ಅತಿಯಾಗಿ ಉರಿಯುತ್ತಿತ್ತು; ಜೊತೆಗೊಂದು ದನಿ ಸೇರಿಸಿದಾಗ ಆ ಗದ್ದಲ ಬಹುಪಾಲು ಇಳಿಯಿತು.

ಇದೇ ತಳಗಂಟು ಕೈಕೊಡುವ ಇನ್ನೊಂದು ಸ್ಥಿತಿ ಪಾರ್ಕಿನ್ಸನ್ ಕಾಯಿಲೆ. ಅದರಲ್ಲಿ ಕೆಲವರಿಗೆ ನಡೆಯುತ್ತಿದ್ದ ಕಾಲು ಬಾಗಿಲ ಹತ್ತಿರ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದೆ. ನೆಲದ ಮೇಲೆ ಅಡ್ಡಡ್ಡ ಪಟ್ಟಿ ಎಳೆದು ‘ಇದನ್ನು ದಾಟಿ’ ಎಂದರೆ ದಾಟುತ್ತಾರೆ. ಅವರು ನಾಟಕ ಮಾಡುತ್ತಿದ್ದಾರೆಂದು ಯಾರೂ ಹೇಳುವುದಿಲ್ಲ. ಉಗ್ಗುವವರಿಗೆ ಮಾತ್ರ ಆ ರಿಯಾಯಿತಿ ಇಲ್ಲ.

ಅನಿರೀಕ್ಷಿತ ದಾರಿಯಿಂದ ಬಂದ ಒಂದು ಸಾಕ್ಷ್ಯವೂ ಇದೆ. ಫೋನಿನಲ್ಲಿ ನಮ್ಮದೇ ದನಿ ಒಂದಿಷ್ಟು ತಡವಾಗಿ ನಮಗೇ ಕೇಳಿಸಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು: ಮಾತು ತಡವರಿಸುತ್ತದೆ, ಅಕ್ಷರ ಎರಡೆರಡು ಬಾರಿ ಬರುತ್ತದೆ. ಅಮೆರಿಕದ ಬರ್ನಾರ್ಡ್ ಲೀ 1950ರ ಸುಮಾರಿಗೆ ಟೇಪ್ ರೆಕಾರ್ಡರ್ ಹಿಡಿದು ಇದನ್ನೇ ಪ್ರಯೋಗ ಮಾಡಿ, ಎಂದೂ ಉಗ್ಗದವರನ್ನು ಉಗ್ಗಿಸಿದರು. ವಿಚಿತ್ರವೆಂದರೆ ಅದೇ ತಡದನಿಯನ್ನು ಉಗ್ಗುವವರ ಕಿವಿಗೆ ಕೊಟ್ಟರೆ ಅನೇಕರ ಮಾತು ಸರಾಗವಾಗುತ್ತದೆ. ಅವರಿಗೆ ಅದು ಜೊತೆಗೆ ಓದುವ ಎರಡನೇ ದನಿಯಾಗಿ ಒದಗುತ್ತದೆ ಎಂಬುದು ಒಂದು ವಿವರಣೆ.

ಇಲಿಮರಿಯ ಅಳು

ಉಗ್ಗು ಮನೆತನದಲ್ಲಿ ಹರಿಯುತ್ತದೆಂದು ಅಜ್ಜಿಯಂದಿರು ಹೇಳುತ್ತಲೇ ಬಂದಿದ್ದಾರೆ. 2010ರಲ್ಲಿ ಡೆನಿಸ್ ಡ್ರೇನಾ ಎಂಬ ಅಮೆರಿಕದ ತಳಿವಿಜ್ಞಾನಿ ಮತ್ತು ಸಂಗಡಿಗರು, ಪಾಕಿಸ್ತಾನದ ಒಂದು ದೊಡ್ಡ ಕುಟುಂಬದಿಂದ ಆರಂಭಿಸಿ, ಮೂರು ಜೀನ್‌ಗಳನ್ನು ಗುರುತಿಸಿದರು. ಅವುಗಳಿಗೂ ಮಾತಿಗೂ ಮೇಲುನೋಟಕ್ಕೆ ಸಂಬಂಧವೇ ಇಲ್ಲ. ಜೀವಕೋಶದ ಒಳಗಿನ ಕಸವನ್ನು ಒಡೆಯುವ ಕಿಣ್ವಗಳಿಗೆ ವಿಳಾಸ ಬರೆದು ಸರಿಯಾದ ಜಾಗಕ್ಕೆ ಕಳಿಸುವುದು ಅವುಗಳ ಕೆಲಸ. ಅದರಲ್ಲೊಂದು ಬದಲಾವಣೆಯನ್ನು ಇಲಿಗಳಲ್ಲಿ ತಂದು 2016ರಲ್ಲಿ ನೋಡಿದಾಗ, ತಾಯಿಯಿಂದ ಬೇರ್ಪಡಿಸಿದ ಮರಿಗಳ ಅಳುವಿನಲ್ಲಿ ಕೂಗಿಗೂ ಕೂಗಿಗೂ ನಡುವೆ ಹೆಚ್ಚಿನ ಅಂತರ ಕಂಡಿತು. ಉಳಿದದ್ದರಲ್ಲಿ ಆ ಮರಿಗಳು ಆರೋಗ್ಯವಾಗಿಯೇ ಇದ್ದವು. ಇಲಿಮರಿಗೆ ಪುಕ್ಕಲುತನ, ಕೆಟ್ಟ ಮೇಷ್ಟ್ರು, ಅಣಕಿಸುವ ಗೆಳೆಯರು ಯಾರೂ ಇರಲಿಲ್ಲ.

2025ರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಜನರ ವಂಶವಾಹಿ ಮಾಹಿತಿ ಜಾಲಾಡಿದ ಅಧ್ಯಯನವೊಂದು ಉಗ್ಗಿಗೆ ಸಂಬಂಧಿಸಿದ 57 ಜಾಗಗಳನ್ನು ಗುರುತಿಸಿತು. ಗಂಡಸರಲ್ಲಿ ಎದ್ದು ಕಂಡ ಜೀನ್ ತಾಳಕ್ಕೆ ತಪ್ಪದೆ ಚಪ್ಪಾಳೆ ಹಾಕುವ ಸಾಮರ್ಥ್ಯದ ಜೊತೆಗೂ ತಳಕು ಹಾಕಿಕೊಂಡಿರುವಂಥದ್ದು. ಸುತ್ತಿ ಸುತ್ತಿ ಮತ್ತೆ ಗಳಿಗೆ ಹಿಡಿಯುವ ಜಾಗಕ್ಕೇ ಬಂದೆವು.

ಡ್ಯಾವನ್‌ಪೋರ್ಟ್‌ನ ಮಕ್ಕಳು

ಹೆದರಿಕೆಗೂ ಉಗ್ಗಿಗೂ ಏನು ಸಂಬಂಧ ಹಾಗಾದರೆ? ಈ ಪ್ರಶ್ನೆಗೆ ಇಪ್ಪತ್ತನೇ ಶತಮಾನದಲ್ಲಿ ಅತಿ ಜೋರಾಗಿ ಉತ್ತರ ಕೊಟ್ಟವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್. ಅವರೇ ಚಿಕ್ಕಂದಿನಿಂದ ಉಗ್ಗುತ್ತಿದ್ದವರು. ಎಲ್ಲ ಮಕ್ಕಳೂ ಮಾತು ಕಲಿಯುವಾಗ ತಡವರಿಸುತ್ತಾರೆ. ಗಾಬರಿಬಿದ್ದ ತಾಯಿತಂದೆ ಅದಕ್ಕೆ ಉಗ್ಗು ಎಂದು ಹೆಸರಿಡುತ್ತಾರೆ. ಆ ಹೆಸರೇ ಮಗುವನ್ನು ಉಗ್ಗುವಂತೆ ಮಾಡುತ್ತದೆ ಎಂಬುದು ಅವರ ಸಿದ್ಧಾಂತ.

ಇದನ್ನು ಪರೀಕ್ಷಿಸಲು 1939ರಲ್ಲಿ ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಡ್ಯಾವನ್‌ಪೋರ್ಟ್ ಎಂಬ ಊರಿನ ಅನಾಥಾಲಯಕ್ಕೆ ಹೋದರು. ಆರಿಸಿಕೊಂಡದ್ದು 22 ಮಕ್ಕಳನ್ನು. ಅವರಲ್ಲಿ ಮಾತು ಸರಿಯಾಗಿದ್ದ ಆರು ಮಂದಿಯನ್ನು ಒಂದು ಗುಂಪು ಮಾಡಿದರು. ಆ ಆರು ಮಕ್ಕಳಿಗೆ ಟ್ಯೂಡರ್ ಹೇಳಿದ್ದು: ನಿಮಗೆ ಉಗ್ಗು ಶುರುವಾಗುತ್ತಿದೆ, ತಕ್ಷಣ ನಿಲ್ಲಿಸಬೇಕು, ಸರಿಯಾಗಿ ಹೇಳಲಾಗದಿದ್ದರೆ ಬಾಯಿಯೇ ತೆರೆಯಬೇಡಿ. ಅನಾಥಾಲಯದ ಶಿಕ್ಷಕರಿಗೂ ಅದೇ ಸೂಚನೆ ಹೋಯಿತು. ಮಕ್ಕಳು ಒಂದು ಅಕ್ಷರ ತಪ್ಪಿದರೂ ತಡೆದು ತಿದ್ದಬೇಕು.

ಕೆಲವೇ ತಿಂಗಳಲ್ಲಿ ಮಕ್ಕಳು ಬದಲಾದರು. ಕೇಳಿದ್ದಕ್ಕೆ ಒಂದೇ ಪದದಲ್ಲಿ ಉತ್ತರ. ತರಗತಿಯಲ್ಲಿ ಓದಲು ಎಬ್ಬಿಸಿದರೆ ಮುಖ ಮುಚ್ಚಿಕೊಳ್ಳುವುದು. ನಾಚಿಕೆ, ಮುದುಡಿಕೆ. ಟ್ಯೂಡರ್‌ಗೆ ಮನಸ್ಸು ಕುಟುಕಿರಬೇಕು. ಆಮೇಲೆ ಮತ್ತೆ ಮತ್ತೆ ಹೋಗಿ ನಿಮ್ಮ ಮಾತು ಸರಿಯಿದೆ ಎಂದು ಹೇಳಲು ಯತ್ನಿಸಿದರು. ಜಾನ್ಸನ್ ಈ ಪ್ರಯೋಗವನ್ನು ಎಂದೂ ಪ್ರಕಟಿಸಲಿಲ್ಲ. ಟ್ಯೂಡರ್ ಬರೆದ ಪ್ರಬಂಧ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತಿತ್ತು. 2001ರಲ್ಲಿ ಒಂದು ಪತ್ರಿಕೆ ಅದನ್ನು ಹೊರಗೆಳೆಯಿತು. ಆಗ ಮುದುಕರಾಗಿದ್ದ ಕೆಲವರಿಗೆ ತಮ್ಮ ಮೇಲೆ ನಡೆದದ್ದು ಪ್ರಯೋಗ ಎಂದು ತಿಳಿದದ್ದೇ ಆವಾಗ. ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರಕ್ಕೆ ಒಪ್ಪಿತು. ಯಾವ ಸಮಜಾಯಿಷಿಯೂ ಈ ಪ್ರಯೋಗವನ್ನು ತೊಳೆಯಲಾರದು.

ಆದರೆ ಅದರ ದಾಖಲೆ ಏನು ಹೇಳುತ್ತದೆಂಬುದನ್ನು ನೋಡದೆ ಬಿಡುವುದೂ ಸರಿಯಲ್ಲ. 2002ರಲ್ಲಿ ನಿಕೋಲಿನ್ ಆಂಬ್ರೋಸ್ ಮತ್ತು ಎಹುದ್ ಯಾಯಿರಿ ಆ ಅಂಕಿಗಳನ್ನು ಮತ್ತೆ ಪರಿಶೀಲಿಸಿದರು. ಹಣೆಪಟ್ಟಿ ಅಂಟಿಸಿಕೊಂಡ ಆ ಮಕ್ಕಳು ಉಗ್ಗುವವರಾದರು ಎನ್ನಲು ಆಧಾರವಿರಲಿಲ್ಲ. ಮಾತಿನ ಹೆದರಿಕೆಯನ್ನು ಮಾತ್ರ ಸರಿಯಾಗಿ ಕಲಿತಿದ್ದರು. ಅಂದರೆ ಉಗ್ಗು ಬೇರೆ, ಉಗ್ಗಿನ ಸುತ್ತ ಬೆಳೆಯುವ ಭಯ ಬೇರೆ. ಮೊದಲನೆಯದರ ಒಲವು ಬಹುಮಟ್ಟಿಗೆ ಹುಟ್ಟಿನಿಂದ ಬರುತ್ತದೆ. ಎರಡನೆಯದನ್ನು ಸುತ್ತಲಿನವರು ಕೊಡುತ್ತಾರೆ, ಉಗ್ಗದ ಮಕ್ಕಳಿಗೂ ಕೊಡಬಲ್ಲರು.

ಜಾನ್ಸನ್ ಸಿದ್ಧಾಂತವೋ ದಶಕಗಳ ಕಾಲ ಮೆರೆಯಿತು. ಮಗುವಿನ ಎದುರು ಉಗ್ಗಿನ ಸುದ್ದಿಯೇ ಎತ್ತಬೇಡಿ ಎಂದು ವೈದ್ಯರು ಹೇಳಿದರು. ಆದರೂ ಉಗ್ಗು ನಿಲ್ಲದಿದ್ದಾಗ ತಪ್ಪು ತನ್ನದೇ ಎಂದು ಎಷ್ಟೋ ತಾಯಂದಿರು ಕೊರಗಿದರು. ಸಿಡ್ನಿಯಲ್ಲಿ ರೂಪುಗೊಂಡ ಲಿಡ್‌ಕೋಂಬ್ ಎಂಬ ಚಿಕಿತ್ಸಾ ಕ್ರಮ ಈ ಮೌನವನ್ನು ಮುರಿಯಿತು. ಅದರಲ್ಲಿ ಅಪ್ಪ ಅಮ್ಮನೇ ದಿನವೂ ಮಗುವಿನ ಜೊತೆ ಮಾತಿನ ಬಗ್ಗೆ ಬಿಚ್ಚು ಮನಸ್ಸಿನಿಂದ ಮಾತಾಡುತ್ತಾರೆ, ಸರಾಗ ಬಂದಾಗ ಮೆಚ್ಚುತ್ತಾರೆ. ಶಾಲೆಗೆ ಸೇರುವ ಮುಂಚಿನ ಮಕ್ಕಳಲ್ಲಿ ಅದು ಕೆಲಸ ಮಾಡುತ್ತದೆಂದು 2005ರ ಪ್ರಯೋಗವೊಂದು ತೋರಿಸಿತು.

ಎದುರಿಗೆ ಕೂತವರ ಮುಖ

ಮಂಡ್ಯದಿಂದ ಮೈಸೂರಿಗೆ ಹೊರಟ ಬಸ್ಸಿನಲ್ಲಿ ಒಮ್ಮೆ ನನ್ನ ಮುಂದಿನ ಸೀಟಿನ ಯುವಕನಿಗೆ ಕಂಡಕ್ಟರ್ ‘ಎಲ್ಲಿಗೆ?’ ಎಂದರು. ಅವನು ‘ಶ್ಶ್ಶ್’ ಎಂದು ಎಳೆದ. ‘ಬೇಗ ಹೇಳಪ್ಪ, ಹಿಂದೆ ಜನ ಇದಾರೆ.’ ಯುವಕ ಒಮ್ಮೆ ಉಸಿರು ಬಿಟ್ಟು ‘ಮೈಸೂರು’ ಎಂದ, ಸ್ಪಷ್ಟವಾಗಿ. ದುಡ್ಡು ಕೊಟ್ಟ, ಚಿಲ್ಲರೆ ತೆಗೆದುಕೊಂಡ. ಇಳಿದದ್ದು ಶ್ರೀರಂಗಪಟ್ಟಣದಲ್ಲಿ.

ಉಗ್ಗುವವರ ಬದುಕಿನಲ್ಲಿ ಇಂಥ ಲೆಕ್ಕಾಚಾರ ದಿನವಿಡೀ ನಡೆಯುತ್ತಿರುತ್ತದೆ. ಹೋಟೆಲಿನಲ್ಲಿ ಮಸಾಲೆ ದೋಸೆ ಆಸೆಯಾದರೂ ಇಡ್ಲಿ ಹೇಳುವುದು. ಫೋನ್ ಬಂದರೆ ತಂಗಿಯ ಕೈಗೆ ಕೊಡುವುದು. ಕಠಿಣ ಪದ ಬರುವ ಮುಂಚೆಯೇ ವಾಕ್ಯ ಬದಲಿಸುವುದು. ಕೆಲವರು ಇದರಲ್ಲಿ ಎಷ್ಟು ಪಳಗಿರುತ್ತಾರೆಂದರೆ ಮದುವೆಯಾದವರಿಗೂ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಎಲ್ಲ ಉಪಾಯವೂ ಸೋಲುವುದು ಒಂದು ಕಡೆ: ಸ್ವಂತ ಹೆಸರಿನಲ್ಲಿ. ಅದಕ್ಕೆ ಬದಲಿ ಪದ ಇಲ್ಲ. ಹೆಸರು ಹೇಳಲು ತಡವರಿಸಿದವನನ್ನು ನೋಡಿ ‘ಹೆಸರೇ ಮರೆತುಹೋಯ್ತಾ?’ ಎಂದು ನಗುವವರು ಎಲ್ಲ ಸಂದರ್ಶನ ಮಂಡಳಿಗಳಲ್ಲೂ ಒಬ್ಬರಿರುತ್ತಾರೆ.

ಕೇಳುವವರ ಪಾತ್ರ ಎಷ್ಟು ದೊಡ್ಡದೆಂಬುದನ್ನು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎರಿಕ್ ಜಾಕ್ಸನ್ ತಂಡ 2021ರಲ್ಲಿ ಜಾಣತನದಿಂದ ತೋರಿಸಿತು. ಉಗ್ಗುವ 24 ವಯಸ್ಕರಿಗೆ ಕಂಪ್ಯೂಟರಿನಲ್ಲಿ ಒಂದು ಕಷ್ಟದ ಪ್ರೋಗ್ರಾಮಿಂಗ್ ಕೆಲಸ ಕೊಟ್ಟು ಕೋಣೆಯಲ್ಲಿ ಬಿಟ್ಟರು. ಇಂಥ ಕೆಲಸ ಮಾಡುವಾಗ ಜನ ತಮ್ಮಷ್ಟಕ್ಕೇ ಗೊಣಗಿಕೊಳ್ಳುತ್ತಾರೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಅವರನ್ನು ನಂಬಿಸಲಾಗಿತ್ತು. ಆ ಗೊಣಗಾಟದಲ್ಲಿ ಉಗ್ಗು ಬಹುತೇಕ ಶೂನ್ಯ. ಆಮೇಲೆ ಅವರು ಹೇಳಿಕೊಂಡಿದ್ದ ಮಾತುಗಳನ್ನೇ ಇಬ್ಬರ ಎದುರು ಹೇಳಿಸಿದಾಗ ಉಗ್ಗು ಮರಳಿತು.

ಇದನ್ನು ಓದಿ ‘ನೋಡಿ, ಎಲ್ಲ ಮನಸ್ಸಿನದೇ’ ಎನ್ನುವುದು ಸುಲಭ. ಗಳಿಗೆ ಹಿಡಿಯುವ ವ್ಯವಸ್ಥೆಯ ದೃಷ್ಟಿಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಎದುರಿಗೆ ಇನ್ನೊಬ್ಬರಿದ್ದಾಗ ಮಾತಿನ ಕೆಲಸ ದುಪ್ಪಟ್ಟಾಗುತ್ತದೆ: ಅವರ ಮುಖ ಓದಬೇಕು, ನನ್ನ ಸರದಿ ಯಾವಾಗ ಎಂದು ನೋಡಬೇಕು, ನನ್ನ ಬಗ್ಗೆ ಏನೆಂದುಕೊಂಡರೋ ಎಂದು ಊಹಿಸಬೇಕು. ಒಳಗಿನ ಕೂಗು ಗಟ್ಟಿಯಾಗಿರುವವರಿಗೆ ಈ ಹೊರೆ ಲೆಕ್ಕಕ್ಕಿಲ್ಲ. ಮೊದಲೇ ಕ್ಷೀಣವಾಗಿರುವವರಲ್ಲಿ ಅದು ತಕ್ಕಡಿಯನ್ನು ತಿರುಗಿಸುತ್ತದೆ. ಕೇಳುವವನ ಹುಬ್ಬು ಗಂಟಿಕ್ಕಿದರೆ ಹೊರೆ ಹೆಚ್ಚು, ಹೊರೆ ಹೆಚ್ಚಾದರೆ ತಡೆ ಹೆಚ್ಚು, ತಡೆ ಹೆಚ್ಚಾದರೆ ಹುಬ್ಬು ಇನ್ನಷ್ಟು ಗಂಟು. ಉಗ್ಗುವವರು ತಡೆದಾಗ ಕೇಳುವವರ ನೋಟ ಅವರ ಕಣ್ಣಿನಿಂದ ಜಾರಿಹೋಗುತ್ತದೆ ಎಂಬುದನ್ನು ಕಣ್ಣಿನ ಚಲನೆ ಅಳೆಯುವ ಉಪಕರಣಗಳೇ ದಾಖಲಿಸಿವೆ. ಮಾತಾಡುತ್ತಿದ್ದವನಿಗೆ ಅದು ತಿಳಿಯದೆ ಇರುವುದಿಲ್ಲ.

ಉಗ್ಗುವವರೆಂದರೆ ಹೆದರುವವರು ಎಂಬ ತೀರ್ಪಿಗೆ ಇಷ್ಟು ಬಲ ಹೇಗೆ ಬಂತು? 1984ರಲ್ಲಿ ವೈಟ್ ಮತ್ತು ಕಾಲಿನ್ಸ್ ಎಂಬ ಸಂಶೋಧಕರು ಕೊಟ್ಟ ವಿವರಣೆ ನನಗೆ ಬಹಳ ಹಿಡಿಸಿತು. ನಾವೆಲ್ಲರೂ ಎಂದಾದರೂ ತಡವರಿಸಿದ್ದೇವೆ: ಮೊದಲ ಭಾಷಣದಲ್ಲಿ, ಪೊಲೀಸರ ಎದುರು, ಸುಳ್ಳು ಹೇಳುವಾಗ. ಆಗ ನಮ್ಮೊಳಗೆ ಇದ್ದದ್ದು ಹೆದರಿಕೆ. ಇನ್ನೊಬ್ಬ ತಡವರಿಸಿದಾಗ ನಮ್ಮ ಆ ಅನುಭವವನ್ನೇ ತೆಗೆದು ಅವನಿಗೆ ತೊಡಿಸುತ್ತೇವೆ. ಅವನೂ ಹೆದರಿರಬೇಕು, ಅಥವಾ ಏನೋ ಮುಚ್ಚಿಡುತ್ತಿರಬೇಕು. ಮೇಷ್ಟ್ರ ‘ಹೆದರ್ಕೋಬೇಡವೋ’ ಹುಟ್ಟುವುದು ಇಲ್ಲಿಂದ. ನಮ್ಮ ಸಿನಿಮಾಗಳು ಉಗ್ಗುವ ಪಾತ್ರವನ್ನು ಬಹುಮಟ್ಟಿಗೆ ನಗಿಸಲಿಕ್ಕೇ ತಂದು ನಿಲ್ಲಿಸಿ ಈ ತೀರ್ಪಿಗೆ ಮೊಹರು ಒತ್ತಿವೆ. ಆದರೆ ಉಗ್ಗು ಈಗಷ್ಟೇ ಶುರುವಾದ ಪುಟ್ಟ ಮಕ್ಕಳು ಉಳಿದ ಮಕ್ಕಳಿಗಿಂತ ಪುಕ್ಕಲರೆಂದು ಹೇಳಲು ಗಟ್ಟಿ ಆಧಾರ ಸಿಕ್ಕಿಲ್ಲ. ದೊಡ್ಡವರಾದಾಗ ಅವರಲ್ಲಿ ಜನರೆದುರಿನ ಅಳುಕು ಹೆಚ್ಚಿರುವುದು ನಿಜ. ಅಷ್ಟು ಹೊತ್ತಿಗೆ ಎಷ್ಟು ಹಾಜರಿ, ಎಷ್ಟು ಬಸ್ಸು ಆಗಿರುತ್ತವೆ!

ಮೈಸೂರು ಮತ್ತು ಮಿಷಿಗನ್

ಕನ್ನಡಿಗರು ಈ ಸಮಸ್ಯೆ ಹೊತ್ತು ಬಹಳ ದೂರ ಹೋಗಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಅದರ ನಿರ್ದೇಶಕರಾಗಿದ್ದ ನ. ರತ್ನ ಅವರು ಕನ್ನಡ ರಂಗಭೂಮಿಯ ನಾಟಕಕಾರರೂ ಹೌದು. ಆ ಜೋಡಿ ಆಕಸ್ಮಿಕವೇ ಇರಬಹುದು, ಆದರೆ ಬಣ್ಣ ಹಚ್ಚಿ ಬೇರೊಬ್ಬರ ಮಾತು ಆಡುವಾಗ ಉಗ್ಗು ತಗ್ಗುವುದನ್ನು ರಂಗದ ಮೇಲಿನವರೂ ಚಿಕಿತ್ಸಕರೂ ಬಹಳ ಕಾಲದಿಂದ ಕಂಡಿದ್ದಾರೆ.

ಕಾನೂನು ಮಾತ್ರ ಇಲ್ಲಿ ತಡವರಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ, ಮಾತು ಮತ್ತು ಭಾಷೆಯ ವೈಕಲ್ಯವೂ ಅದರಲ್ಲಿದೆ. ಆದರೆ ಅದು ಕೊಡುವ ಉದಾಹರಣೆಗಳು ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಪಾರ್ಶ್ವವಾಯುವಿನಂಥ ಏಟಿನಿಂದ ಭಾಷೆ ಕಳೆದುಕೊಂಡವರು. ಉಗ್ಗಿನ ಹೆಸರಿಲ್ಲ. ಬೇಕಿರುವುದು ಶಾಶ್ವತ ವೈಕಲ್ಯ. ಇವತ್ತು ಇದ್ದು ನಾಳೆ ಇಲ್ಲದ, ಫೋನಿನಲ್ಲಿ ಬಂದು ಭಜನೆಯಲ್ಲಿ ಹೋಗುವ ತೊಂದರೆಯನ್ನು ಒಂದು ಪ್ರಮಾಣಪತ್ರದ ಶೇಕಡಾವಾರಿನಲ್ಲಿ ಹಿಡಿಯುವುದು ಹೇಗೆ? ಊರು ಕೊಡುವ ಎರಡನೇ ತೀರ್ಪಿನ ನೆರಳು ಕಚೇರಿಗಳವರೆಗೂ ಬಿದ್ದಿದೆ ಎನಿಸುತ್ತದೆ.

ಚಿಕಿತ್ಸೆಯಲ್ಲಿ ಎರಡು ದಾರಿಗಳಿವೆ. ಒಂದು, ಮಾತನ್ನು ನಿಧಾನಿಸಿ, ಮೊದಲ ಅಕ್ಷರವನ್ನು ಮೆದುವಾಗಿ ಹೊರಡಿಸಿ ತಡೆಯನ್ನು ತಪ್ಪಿಸುವುದು. ಇದು ಕೋಣೆಯೊಳಗೆ ಚೆನ್ನಾಗಿ ನಡೆಯುತ್ತದೆ, ರಸ್ತೆಗೆ ಬಂದಾಗ ಎಷ್ಟೋ ಜನರ ಕೈಬಿಡುತ್ತದೆ. ಇನ್ನೊಂದು ದಾರಿ ಕೇಳಿದರೆ ಅಚ್ಚರಿಯಾಗುತ್ತದೆ: ಅಂಗಡಿಗೆ ಹೋಗಿ ಬೇಕೆಂದೇ ಉಗ್ಗಿ ಬೆಲೆ ಕೇಳಿ ಬರುವುದು. ಮುಚ್ಚಿಡುವುದು ಏನೂ ಉಳಿಯದಿದ್ದಾಗ ಪದ ಬದಲಿಸುವ ಲೆಕ್ಕಾಚಾರ ನಿಲ್ಲುತ್ತದೆ, ತುಟಿ ಬಿಗಿಯುವುದು ಕಡಿಮೆಯಾಗುತ್ತದೆ. ಕೂಗು ತಡವಾದರೂ ಯಾರೂ ಹಗ್ಗ ಜಗ್ಗುತ್ತಿಲ್ಲ.

ಈ ಎರಡನೇ ದಾರಿಯನ್ನು ಹೆಚ್ಚು ಬೆಳೆಸಿದವರು ಮಿಷಿಗನ್‌ನ ಚಾರ್ಲ್ಸ್ ವ್ಯಾನ್ ರೈಪರ್. ಯುವಕರಾಗಿದ್ದಾಗ ಅವರ ಉಗ್ಗು ಎಷ್ಟು ತೀವ್ರವಾಗಿತ್ತೆಂದರೆ, ಒಂದು ಹೊಲದಲ್ಲಿ ಕೂಲಿಗೆ ಸೇರುವಾಗ ಕಿವುಡ ಮೂಗನೆಂದು ನಟಿಸಿದ್ದರು. ಅಲ್ಲಿಂದ ಹೊರಟು ದಾರಿಯಲ್ಲಿ ಕಾರೊಂದಕ್ಕೆ ಕೈ ಅಡ್ಡ ಹಾಕಿದಾಗ ಒಳಗಿದ್ದ ಮುದುಕ ಹೆಸರು ಕೇಳಿದ. ವ್ಯಾನ್ ರೈಪರ್ ಮೈಯೆಲ್ಲ ಸೆಟೆದು ಒದ್ದಾಡಿದರು. ಮುದುಕ ನಕ್ಕುಬಿಟ್ಟ. ಇವರಿಗೆ ಸಿಟ್ಟು ಬಂತು. ಆಮೇಲೆ ಮುದುಕ ಹೇಳಿದ್ದು: ತಾನೂ ಉಗ್ಗುವವನೇ, ಹಿಂದೆ ಹೀಗೆಯೇ ಗುದ್ದಾಡುತ್ತಿದ್ದೆ, ಈಗ ವಯಸ್ಸಾಯಿತು, ಸುಸ್ತಾಗಿದೆ, ಅದರ ಪಾಡಿಗೆ ಬಿಟ್ಟುಬಿಡುತ್ತೇನೆ. ಹೇಳುವಾಗಲೂ ಆತ ಉಗ್ಗುತ್ತಿದ್ದ, ಅಕ್ಷರಗಳು ಸಡಿಲವಾಗಿ ಎರಡೆರಡು ಬಾರಿ ಬಂದು ಮುಂದೆ ಸಾಗುತ್ತಿದ್ದವು. ಉಗ್ಗದೆ ಮಾತಾಡುವುದನ್ನು ಕಲಿಯಲು ಅಷ್ಟು ವರ್ಷ ಹೆಣಗಿದ್ದ ವ್ಯಾನ್ ರೈಪರ್, ಹಾಗೆ ಉಗ್ಗುವುದನ್ನು ಕಲಿಯಲು ಶುರುಮಾಡಿದರು. 1936ರಲ್ಲಿ ಅವರು ಕಲಮಜೂ ಊರಿನಲ್ಲಿ ತೆರೆದ ಮಾತಿನ ಚಿಕಿತ್ಸಾಲಯದಲ್ಲಿ ಬಂದವರಿಗೆ ಕಲಿಸಿದ್ದೂ ಅದನ್ನೇ.